ಬೆಳಗೊಳದ ಕರಾರು

ಶ್ರವಣಬೆಳಗೊಳಕ್ಕೆ ಹೋದವರ ಕಣ್ಣು ಮೊದಲು ಏರುವುದು ದೊಡ್ಡಬೆಟ್ಟದ ಮೇಲಕ್ಕೆ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಬಿಸಿಲಿಗೆ ಕಾದ ಕಲ್ಲು, ತುದಿಯಲ್ಲಿ ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ಕಡೆಸಿ ನಿಲ್ಲಿಸಿದ ಗೊಮ್ಮಟ. ಹತ್ತಿ ಇಳಿಯುವ ಹೊತ್ತಿಗೆ ಕಾಲು ಸೋತಿರುತ್ತದೆ. ಹೆಚ್ಚಿನವರು ಒಂದು ಎಳನೀರು ಕುಡಿದು ಬಸ್ಸಿನ ಕಡೆ ನಡೆದುಬಿಡುತ್ತಾರೆ. ಊರೊಳಗೆ ಜೈನಮಠದ ಸಮೀಪ ಇರುವ ಭಂಡಾರಿ ಬಸದಿಗೆ ಹೋಗುವವರು ಕಡಿಮೆ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು. ಗರ್ಭಗುಡಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಶಿಲ್ಪಕ್ಕಾಗಿ ಹೋಗುವವರಿಗೆ ಅಷ್ಟೇ ಸಾಕು. ಆದರೆ ಮತಗಳ ನಡುವಿನ ಬಾಳುವೆಯ ಬಗ್ಗೆ ಯೋಚಿಸುವವರು ಈ ಬಸದಿಯಲ್ಲಿ ಹುಡುಕಿಕೊಂಡು ಹೋಗಿ ನೋಡಬೇಕಾದದ್ದು 1368ರ ಒಂದು ಶಾಸನವನ್ನು. ವಿಜಯನಗರದ ಬುಕ್ಕರಾಯನ ಕಾಲದ್ದು. ಕರ್ನಾಟಕದಲ್ಲಿ ಮತಸೌಹಾರ್ದದ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ, ಪಠ್ಯಪುಸ್ತಕಗಳಲ್ಲೂ ಒಂದು ಸಾಲು ಇರುತ್ತದೆ. ಬುಕ್ಕ ದೊರೆ ಉದಾರಿಯಾಗಿದ್ದ ಎನ್ನುವುದಕ್ಕೆ ಸಾಕ್ಷಿಯೆಂದು ಇದನ್ನು ತೋರಿಸಿ ಮುಂದೆ ಹೋಗುತ್ತೇವೆ. ಶಾಸನವನ್ನು ಪೂರ್ತಿ ಓದಿದರೆ ಕಾಣುವುದು ದೊರೆಯ ಔದಾರ್ಯಕ್ಕಿಂತ ಬಹಳ ಗಟ್ಟಿಯಾದ ಇನ್ನೊಂದು ಸಂಗತಿ.

ನಡೆದದ್ದು ಇಷ್ಟು. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಜಗಳ ಹತ್ತಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ಸೇರಿ, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಜಗಳದ ವಿಷಯ ತತ್ತ್ವಜ್ಞಾನವಾಗಿರಲಿಲ್ಲವೆಂದು ತೀರ್ಪಿನಿಂದಲೇ ಊಹಿಸಬಹುದು. ಪಂಚಮಹಾವಾದ್ಯ ಬಾರಿಸುವ ಹಕ್ಕು, ಕಲಶದ ಹಕ್ಕು ಯಾರಿಗಿದೆ ಎಂಬುದು ಅಲ್ಲಿನ ಪ್ರಶ್ನೆ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾವ ಗುಡಿಯ ಮುಂದೆ ಯಾವ ವಾದ್ಯ ನುಡಿಯಬಹುದು ಎಂದು ನಮ್ಮ ಊರುಗಳಲ್ಲಿ ಇಂದಿಗೂ ಏಳುವ ಗಲಾಟೆಗಳ ಪೂರ್ವಜ ಅದು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿದ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರು ಬಂದರು, ಹದಿನೆಂಟು ನಾಡಿನ ಶ್ರೀವೈಷ್ಣವರು ಬಂದರು. ಅವರೆಲ್ಲರ ಸಮಕ್ಷಮದಲ್ಲಿ ದೊರೆ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಹೇಳಿದ. ಜೈನರಿಗೆ ವಾದ್ಯವೂ ಕಲಶವೂ ಹಿಂದಿನಂತೆಯೇ ಸಲ್ಲುತ್ತವೆ ಎಂದು ತೀರ್ಮಾನವಾಯಿತು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ತಿಳಿಯಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ಹಾಕಿಸುವ ಕೆಲಸವೂ ಶ್ರೀವೈಷ್ಣವರದೇ.

ಇಲ್ಲಿಗೆ ನಿಂತಿದ್ದರೆ ಇದು ಒಳ್ಳೆಯ ಮಾತುಗಳ ಶಾಸನವಾಗಿ ಉಳಿಯುತ್ತಿತ್ತು. ಮುಂದಿನ ಭಾಗ ಲೆಕ್ಕಾಚಾರದ್ದು. ತಿರುಮಲೆಯ ವೈಷ್ಣವ ಗುರು ತಾತಯ್ಯ, ರಾಜ್ಯದ ಜೈನರ ಒಪ್ಪಿಗೆಯ ಮೇರೆಗೆ, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಮೀರಿದವನು ರಾಜದ್ರೋಹಿ, ತನ್ನ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಕೊನೆಗೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪದ ಮಾತು ಬರುತ್ತದೆ. ಕಾವಲಿನವರ ಸಂಖ್ಯೆ, ವಂತಿಗೆಯ ಮೊತ್ತ, ಸುಣ್ಣದ ಖರ್ಚು, ಯಾರು ವಸೂಲಿ ಮಾಡಬೇಕು ಎಂಬುದು, ತಪ್ಪಿದರೆ ಏನು ಎಂಬುದು ಎಲ್ಲವೂ ಬರೆದಿಟ್ಟಿದೆ. ಇದು ಕರಾರು. ಜಾಮೀನು ನಿಂತವರು ಜಗಳದಲ್ಲಿ ಬಲವಾಗಿದ್ದ ಪಕ್ಷದವರೇ. ಆ ಜಾಮೀನು ಬರೀ ಮಠದ ಗುರುಗಳದ್ದೂ ಅಲ್ಲ; ಶಾಸನ ಹೆಸರಿಸುವ ಪಟ್ಟಿಯಲ್ಲಿ ಆಚಾರ್ಯರು, ಸಾತ್ವಿಕರ ಜೊತೆಗೆ ತಿರುಕುಲ, ಜಾಂಬವಕುಲದವರೂ ಇದ್ದಾರೆ. ಮೇಲುಕೋಟೆಯ ದೇವಾಲಯಕ್ಕೆ ವರ್ಷದ ಕೆಲವು ದಿನಗಳಷ್ಟೇ ಪ್ರವೇಶ ಪಡೆಯುತ್ತಿದ್ದ ಕುಲಗಳವು. ಗುಡಿಯೊಳಗೆ ವರ್ಷಪೂರ್ತಿ ಕಾಲಿಡಲಾಗದವರ ಮಾತನ್ನೂ ಜೈನರ ರಕ್ಷಣೆಗೆ ಪಡೆಯಬೇಕಾಯಿತು, ಏಕೆಂದರೆ ಬೀದಿಯಲ್ಲಿ ಜಗಳ ಹತ್ತಿದರೆ ಅದನ್ನು ಬೆಳೆಸುವ, ನಿಲ್ಲಿಸುವ ಶಕ್ತಿ ಇರುವುದು ಬೀದಿಯ ಜನರಿಗೆ. ಹೀಗೆ ಬರೆಸಿದವರಿಗೆ ಸಮಾಜ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಅಂದಾಜು.

ಈ ಕಲ್ಲು, ಇದರಂಥ ಇನ್ನೂ ಕೆಲವು ಕಲ್ಲುಗಳು ನನ್ನನ್ನು ಒಂದು ನಿಲುವಿಗೆ ತಂದಿವೆ. ಪರಧರ್ಮದ ಗೌರವವನ್ನು ನಾವು ಮನಸ್ಸಿನ ಗುಣವೆಂದು ಬಗೆದು, ಮನಸ್ಸು ತಿದ್ದುವ ಉಪದೇಶದಲ್ಲೇ ಕಾಲ ಕಳೆಯುತ್ತೇವೆ. ಆದರೆ ಅದು ಊರುಗಳಲ್ಲಿ ಬಾಳಿರುವುದು, ಬಲಶಾಲಿ ಸಮುದಾಯವೊಂದು ಇನ್ನೊಂದರ ಪೂಜೆಗೆ ತಾನೇ ಹೊಣೆಯೆಂದು ಎಲ್ಲರೆದುರು ಒಪ್ಪಿ, ತಪ್ಪಿದರೆ ಅದು ತನ್ನದೇ ಧರ್ಮಕ್ಕೆ ಬಗೆದ ದ್ರೋಹವೆಂದು ಬರೆದುಕೊಟ್ಟ ಕಡೆ. ಪ್ರೀತಿ ಇದ್ದರೆ ಒಳ್ಳೆಯದು. ಪ್ರೀತಿ ಇಲ್ಲದ ದಿನವೂ ನಡೆಯುವಂಥ ಏರ್ಪಾಡು ಬೇಕು.

ಇದಕ್ಕೆ ಮೊದಲ ಆಕ್ಷೇಪವನ್ನು ಆ ಶಾಸನವೇ ಒದಗಿಸುತ್ತದೆ. ಅನ್ಯಾಯಕ್ಕೆ ಒಳಗಾದವರು ಜೈನರು, ಕಾವಲಿಗೆ ದುಡ್ಡು ತೆರಬೇಕಾದವರೂ ಜೈನರು, ಅದನ್ನು ಎತ್ತುವವನು ಮಾತ್ರ ವೈಷ್ಣವ ಗುರು. ಇದು ಯಾವ ಸಮಾನತೆ? ಪ್ರಶ್ನೆ ನ್ಯಾಯವಾದದ್ದೇ. ಹದಿನಾಲ್ಕನೆಯ ಶತಮಾನದ ಜೈನರು ಹೊಯ್ಸಳರ ಕಾಲದ ಜೈನರಂತೆ ಆಸ್ಥಾನದಲ್ಲಿ ಮೇಲುಗೈ ಇದ್ದವರಲ್ಲ. ತಮ್ಮ ದೇವರಿಗೆ ಕಾವಲು ಬೇಕೆಂದು ದೊರೆಯ ಬಾಗಿಲಿಗೆ ಬಂದವರು. ಒಪ್ಪಂದದಲ್ಲಿ ಆ ಇಳಿಕೆಯ ಗುರುತು ಇದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ದುಡ್ಡಿನ ಹಾದಿಯನ್ನು ಗಮನಿಸಬೇಕು. ಅದು ಜೈನರ ಒಪ್ಪಿಗೆಯಿಂದ ಎತ್ತಿದ ಹಣ, ಖರ್ಚಾಗಬೇಕಾದದ್ದು ಬೆಳಗೊಳಕ್ಕೆ ಮತ್ತು ಬಸದಿಗಳಿಗೆ. ಅದನ್ನು ತಾತಯ್ಯನ ಕೈಗೆ ಕೊಟ್ಟದ್ದರಿಂದ ಬೆಳಗೊಳದಲ್ಲಿ ಏನಾದರೂ ಆದರೆ ಉತ್ತರ ಹೇಳಬೇಕಾದವನು ಅವನೇ ಆದ. ಕಾವಲಿನವರು ನಿಂತಿಲ್ಲವೇಕೆ, ಬಸದಿಯ ಗೋಡೆ ಕಪ್ಪಾಗಿದೆಯೇಕೆ ಎಂದು ಕೇಳುವ ಅಧಿಕಾರ ಜೈನರಿಗೆ ಬಂತು. ದಯೆ ತೋರಿಸುವವನನ್ನು ಹಾಗೆ ಪ್ರಶ್ನಿಸಲಾಗದು.

ಬುಕ್ಕನಿಗೆ ಸ್ವಾರ್ಥವಿತ್ತು ಎನ್ನುವವರೂ ಇದ್ದಾರೆ. ಇತ್ತು ಎಂದೇ ಇಟ್ಟುಕೊಳ್ಳೋಣ. 1336ರ ಹೊತ್ತಿಗೆ ಕಣ್ಣುಬಿಟ್ಟ ರಾಜ್ಯ, ವರ್ತಕ ಸಮುದಾಯವನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಜೈನ ಶೆಟ್ಟಿಗಳ ಹಣ, ಜೈನ ದಂಡನಾಯಕರ ಕತ್ತಿ ಎರಡೂ ಅದಕ್ಕೆ ಬೇಕಿದ್ದವು. ಬುಕ್ಕನ ಮಗ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಜೈನ. ಅವನು 1385ರಲ್ಲಿ ರಾಜಧಾನಿಯಲ್ಲೇ ಕುಂಥುನಾಥನಿಗೆ ಬಸದಿ ಕಟ್ಟಿಸಿದ. ಹಂಪಿಗೆ ಹೋದವರು ಗಾಣಗಿತ್ತಿ ದೇವಾಲಯ ಎಂದು ನೋಡುವುದು ಅದನ್ನೇ. ಬೆಳಗೊಳದ ತೀರ್ಮಾನವಾಗಿ ಹದಿನೇಳು ವರ್ಷಗಳ ನಂತರ. ಸ್ವಾರ್ಥದಿಂದ ಹುಟ್ಟಿದ ಏರ್ಪಾಡು ಕೆಲಸ ಮಾಡಿದರೆ ಅದರಲ್ಲಿ ಕೊರತೆಯೇನು? ಎರಡೂ ಕಡೆಯವರಿಗೆ ಪ್ರಯೋಜನವಿರುವ ಒಪ್ಪಂದ, ಒಬ್ಬ ಸತ್ಪುರುಷನ ಕರುಣೆಯ ಮೇಲೆ ನಿಂತ ಶಾಂತಿಗಿಂತ ಹೆಚ್ಚು ಕಾಲ ಬಾಳುತ್ತದೆ. ಇದಕ್ಕೆ ಎದುರು ನಿದರ್ಶನ ವಿಜಯಪುರದಲ್ಲಿದೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚಿನವನು, ತನ್ನ ಕಿತಾಬ್-ಎ-ನೌರಸ್‌ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು, ಜನ ಜಗದ್ಗುರು ಬಾದಶಹ ಎಂದು ಕರೆದವನು. ಅವನ ಗೋರಿಯಾದ ಇಬ್ರಾಹಿಂ ರೋಜಾದ ಮುಂದೆ ನಿಂತಾಗ ಆ ಮನಸ್ಸಿನ ಬಗ್ಗೆ ಅಭಿಮಾನ ಹುಟ್ಟದಿರದು. ಆದರೆ ಆ ಒಲವು ಅವನೊಬ್ಬನದಾಗಿತ್ತು. ಅವನ ನಂತರದ ಆಸ್ಥಾನದಲ್ಲಿ ಅದು ಅದೇ ಬಣ್ಣದಲ್ಲಿ ಮುಂದುವರಿಯಲಿಲ್ಲ. ಯಾರೂ ಯಾರಿಗೂ ಏನನ್ನೂ ಬರೆದುಕೊಟ್ಟಿರಲಿಲ್ಲ.

ಬೆಳಗೊಳದಿಂದ ಚನ್ನರಾಯಪಟ್ಟಣ, ಹಾಸನ ದಾಟಿ ಹಳೇಬೀಡಿಗೆ ಬಂದರೆ ಇನ್ನೊಂದು ಕಲ್ಲು ಸಿಗುತ್ತದೆ. ಹೊಯ್ಸಳೇಶ್ವರದ ಮುಂದೆ ಪ್ರವಾಸಿಗಳ ಸಂತೆ; ಅಲ್ಲಿಂದ ಸ್ವಲ್ಪ ದೂರದ ಬಸ್ತಿಹಳ್ಳಿಯ ಮೂರು ಬಸದಿಗಳಲ್ಲಿ ಅಷ್ಟು ಗದ್ದಲವಿಲ್ಲ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳನ್ನು ತಿರುಗಣಿಯಲ್ಲಿ ಕಡೆದು ಮೆರುಗು ಕೊಟ್ಟಿದ್ದಾರೆ. ಹತ್ತಿರ ನಿಂತವರ ನೆರಳು ಅವುಗಳಲ್ಲಿ ಕಾಣುತ್ತದೆ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನಿಗೆ ಒಯ್ದರು. ಯುದ್ಧದಲ್ಲಿ ಗೆಲುವು, ಅರಮನೆಯಲ್ಲಿ ಮಗನ ಜನನ, ಎರಡರ ಸುದ್ದಿಯೂ ಅದೇ ಸಮಯಕ್ಕೆ ಬಂದದ್ದರಿಂದ ದೊರೆ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನಂತೆ. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ನಿಲ್ಲಿಸಿದ ವಿಷ್ಣುಭಕ್ತ ದೊರೆ ಇವನು. ಇವನ ರಾಣಿ ಶಾಂತಲೆ ಜಿನಭಕ್ತೆ, ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದವಳು. ಒಂದು ಮನೆಯಲ್ಲಿ ಎರಡು ದೇವರು ಇದ್ದ ಕಾಲ. ಐನೂರು ವರ್ಷಗಳ ನಂತರ ಇದೇ ಬಸದಿಯಲ್ಲಿ ನಡೆದದ್ದು ಬೇರೆ. ಹುಚ್ಚಪ್ಪದೇವರೆಂಬ ವೀರಶೈವ ಗುರು ಇಲ್ಲಿನ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿಸಿದರು. ವಿಜಯಪ್ಪನೆಂಬ ಜೈನ ಅದನ್ನು ಅಳಿಸಿಹಾಕಿದ. ಹೀಗೆ ಅಳಿಸಿದ್ದಕ್ಕೆ ನಮ್ಮ ಕಾಲದಲ್ಲಾದರೆ ಊರು ಹೊತ್ತಿ ಉರಿಯಬಹುದಿತ್ತು.

1638ರ ಶಾಸನ ಹೇಳುವ ಪ್ರಕಾರ ಜೈನ ಮುಖಂಡರು ಹೋಗಿ ಅರಿಕೆ ಮಾಡಿಕೊಂಡರು, ವೀರಶೈವರ ಮಹಾಮಹತ್ತಿನ ಹಿರಿಯರು ಸಭೆ ಸೇರಿದರು. ಮೊದಲು ವಿಭೂತಿ, ವೀಳ್ಯ ಸಲ್ಲಿಸಿ, ಆನಂತರ ಜೈನರು ತಮ್ಮ ಪದ್ಧತಿಯಂತೆ ಪೂಜೆ, ದೀಪ, ಧೂಪ ಎಲ್ಲವನ್ನೂ ಸೂರ್ಯಚಂದ್ರರಿರುವ ತನಕ ನಡೆಸಿಕೊಳ್ಳಲಿ ಎಂದು ತೀರ್ಮಾನಿಸಿದರು. ಇದರ ಶಾಪದ ಭಾಗ ಬೆಳಗೊಳದ್ದಕ್ಕಿಂತ ಸ್ಪಷ್ಟವಾಗಿದೆ. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು, ಕಾಶಿ ರಾಮೇಶ್ವರಗಳ ಲಿಂಗಕ್ಕೂ ಬೇಡವಾದವನು. ಜಿನನ ಪೂಜೆ ತಡೆದರೆ ಜಿನ ಶಿಕ್ಷಿಸುತ್ತಾನೆ ಎಂದು ಅದು ಹೇಳುವುದಿಲ್ಲ. ಜಿನನನ್ನು ನಂಬದವನಿಗೆ ಆ ಹೆದರಿಕೆ ಹತ್ತುವುದೂ ಇಲ್ಲ. ತನ್ನ ಶಿವನೇ ತನ್ನನ್ನು ಕೈಬಿಡುತ್ತಾನೆ ಎಂಬುದು ವೀರಶೈವನಿಗೆ ನಾಟುವ ಮಾತು. ಇದನ್ನು ಬರೆದ ಹಿರಿಯರಿಗೆ ತಮ್ಮ ನಂಬಿಕೆಯನ್ನು ತೆಳುಮಾಡಿಕೊಳ್ಳುವ ಅಗತ್ಯ ಬೀಳಲಿಲ್ಲ. ನಂಬಿಕೆ ಎಷ್ಟು ಗಟ್ಟಿಯೋ ಜಾಮೀನೂ ಅಷ್ಟೇ ಗಟ್ಟಿಯಾಯಿತು. ಧರ್ಮಶ್ರದ್ಧೆ ಕಡಿಮೆಯಾದರೆ ಮತಗಳ ಜಗಳ ತಾನಾಗಿ ನಿಲ್ಲುತ್ತದೆ ಎಂದು ವಾದಿಸುವವರು ಹಳೇಬೀಡಿನ ಈ ಕಲ್ಲಿನ ಮುಂದೆ ತುಸು ಹೊತ್ತು ನಿಲ್ಲಬೇಕು. ವಿಭೂತಿ, ವೀಳ್ಯ ಮೊದಲು ಸಲ್ಲಬೇಕೆಂಬ ಷರತ್ತು ಜೈನರನ್ನು ಎರಡನೆಯ ಸ್ಥಾನಕ್ಕೆ ಇಳಿಸಿತು, ನಿಜ. ತಮ್ಮದೇ ಬಸದಿಯಲ್ಲಿ ಬೇರೊಬ್ಬರ ಗುರುತಿಗೆ ಮೊದಲ ಮರ್ಯಾದೆ ಕೊಡಬೇಕಾದ ನೋವು ಸಣ್ಣದಲ್ಲ. ನಾನು ಅದನ್ನು ಮಾದರಿಯೆಂದು ಹೊಗಳಲಾರೆ. ಆದರೆ ಪಾರ್ಶ್ವನಾಥ ಇಂದಿಗೂ ಅಲ್ಲೇ ನಿಂತಿದ್ದಾನೆ.

ಎರಡು ಕಲ್ಲು ತೋರಿಸಿ ಕನ್ನಡನಾಡಿನ ಇತಿಹಾಸವೆಲ್ಲ ಹೀಗೆಯೇ ಇತ್ತು ಎಂದರೆ ಅದು ಸುಳ್ಳಾಗುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವಿದೆ, ಆ ಕಥೆಯನ್ನೇ ಕಡೆದ ಶಿಲ್ಪಗಳೂ ಇವೆ. ಏಕಾಂತದ ರಾಮಯ್ಯನ ಕಥೆ ಅದು. ಅಬ್ಬಲೂರಿನಲ್ಲಿ ಬಲ ಇದ್ದದ್ದು ಜೈನ ಗಾವುಂಡರ ಕೈಯಲ್ಲಿ. ಅವರಿಗೂ ಶಿವಭಕ್ತ ರಾಮಯ್ಯನಿಗೂ ಮಾತಿಗೆ ಮಾತು ಬೆಳೆದು ಪಣ ಬಿತ್ತು: ಶಿರಸ್ಸನ್ನು ಅರಿದುಕೊಂಡು ಮತ್ತೆ ಪಡೆದು ತೋರಿಸಿದರೆ ಜಿನನನ್ನು ಕಿತ್ತು ಶಿವನನ್ನು ನಿಲ್ಲಿಸುವುದು. ರಾಮಯ್ಯ ಗೆದ್ದನೆಂದು, ಜೈನರು ಮಾತಿಗೆ ತಪ್ಪಿದರೆಂದು, ಕಾವಲಿನವರನ್ನು ಓಡಿಸಿ ಅವನು ಜಿನನ ವಿಗ್ರಹ ಒಡೆದನೆಂದು, ದೊರೆ ಬಿಜ್ಜಳ ಕೊನೆಗೆ ಅವನಿಗೇ ಜಯಪತ್ರ ಕೊಟ್ಟನೆಂದು ಶಾಸನ ಹೆಮ್ಮೆಯಿಂದ ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ವಿಗ್ರಹ ಒಡೆದದ್ದನ್ನು ಮಾತ್ರ ಕಟ್ಟುಕಥೆಯೆಂದು ತಳ್ಳಿಹಾಕಲು ಕಾರಣ ಕಾಣುವುದಿಲ್ಲ. ನನ್ನ ವಾದಕ್ಕೆ ಇದು ಇನ್ನೂ ಒಂದು ತೊಡಕು ತರುತ್ತದೆ, ಏಕೆಂದರೆ ಆ ಪಣವನ್ನೂ ಓಲೆಯ ಮೇಲೆ ಬರೆಸಿಕೊಂಡಿದ್ದರು. ಹಾಗಿದ್ದರೆ ಬರೆದಿಟ್ಟ ಮಾತ್ರಕ್ಕೆ ಶಾಂತಿ ಬರುವುದಿಲ್ಲ. ಒಪ್ಪಂದದೊಳಗೆ ಏನಿದೆ ಎಂಬುದು ಮುಖ್ಯ. ಅಬ್ಬಲೂರಿನ ಓಲೆಯ ಪ್ರಕಾರ ಒಬ್ಬರ ದೇವರು ಉಳಿದರೆ ಇನ್ನೊಬ್ಬರ ದೇವರು ಹೋಗಬೇಕು. ಬೆಳಗೊಳ, ಹಳೇಬೀಡುಗಳ ಶಾಸನಗಳು ಯಾರ ದೇವರು ನಿಜ ಎಂಬ ಪ್ರಶ್ನೆಯನ್ನು ಮುಟ್ಟದೆ, ಇಬ್ಬರೂ ಉಳಿಯುತ್ತಾರೆ ಎಂಬಲ್ಲಿಂದ ಮಾತು ಆರಂಭಿಸುತ್ತವೆ.

ಹಾಗಾದರೆ ಯಾವುದು ನಿಜ ಎಂಬ ಚರ್ಚೆಯನ್ನೇ ಬಿಟ್ಟುಬಿಡಬೇಕೆ? ಎಲ್ಲ ಧರ್ಮಗಳೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳಬೇಕೆ? ಜೈನನಿಗೆ ಜಗತ್ತನ್ನು ಸೃಷ್ಟಿಸಿದ ಈಶ್ವರನೇ ಇಲ್ಲ; ಶ್ರೀವೈಷ್ಣವನಿಗೆ ನಾರಾಯಣನಿಲ್ಲದೆ ಯಾವುದೂ ಇಲ್ಲ. ಇವೆರಡೂ ಒಂದೇ ಎಂದರೆ ಇಬ್ಬರಿಗೂ ಅವಮಾನ. ಭೇದವಿಲ್ಲವೆಂದು ಬುಕ್ಕರಾಯ ಹೇಳಿದ್ದನ್ನು ಮರ್ಯಾದೆಯಲ್ಲಿ, ಹಕ್ಕಿನಲ್ಲಿ ಭೇದವಿಲ್ಲ ಎಂದು ಓದುವುದೇ ಸರಿ ಎಂದು ನನಗೆ ತೋರುತ್ತದೆ, ಏಕೆಂದರೆ ಅದರ ಬೆನ್ನಿಗೇ ಬರುವುದು ವಾದ್ಯ ಮತ್ತು ಕಲಶ. ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಊರು ಬಳ್ಳಿಗಾವೆ. ಶಿರಾಳಕೊಪ್ಪದ ಹತ್ತಿರದ ಇಂದಿನ ಆ ಹಳ್ಳಿ ಹನ್ನೊಂದು, ಹನ್ನೆರಡನೆಯ ಶತಮಾನದಲ್ಲಿ ಬನವಾಸಿ ನಾಡಿನ ರಾಜಧಾನಿ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಮಠಗಳಿದ್ದ ಪಟ್ಟಣ. 1065ರಲ್ಲಿ ಇಲ್ಲೊಂದು ಬೌದ್ಧ ವಿಹಾರ ಕಟ್ಟಿದ ದಾಖಲೆಯಿದೆ. ಇಲ್ಲಿನ ಕಾಳಾಮುಖ ಶೈವಗುರುಗಳು ವಾದಕ್ಕೆ ಹೆಸರಾದವರು. 1036ರ ಶಾಸನವೊಂದು ಲಕುಲೀಶ್ವರ ಪಂಡಿತನಿಗೆ ವಾದಿರುದ್ರಗಣನೆಂಬ ಹೆಸರು ಕೊಟ್ಟು, ಬೌದ್ಧರನ್ನೂ ಜೈನರನ್ನೂ ವಾದದಲ್ಲಿ ಮಣಿಸಿದನೆಂದು ಬಿರುಸಾಗಿ ಹೊಗಳುತ್ತದೆ. ಅದೇ ಊರಿನ ಕೆರೆಯ ಕೋಡಿಯಲ್ಲಿದ್ದುದರಿಂದ ಕೋಡಿಯ ಮಠವೆನಿಸಿದ ಕೇದಾರೇಶ್ವರದ ಕಾಳಾಮುಖ ಮಠವನ್ನು ಬಣ್ಣಿಸುವ 1162ರ ಶಾಸನ ಓದಿ ನೋಡಿ. ಅಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನಕ್ಕೂ ವ್ಯಾಖ್ಯಾನ ನಡೆಯುತ್ತಿತ್ತು. ಬಡವರು, ಕುರುಡರು, ಕುಂಟರು, ಕಿವುಡರಿಗೆ ಊಟವಿತ್ತು. ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಸನ್ಯಾಸಿಗಳ ಸಾಲಿನಲ್ಲೇ ಜೈನ ಕ್ಷಪಣಕರಿಗೂ ಊಟವಿತ್ತು. ರೋಗಿಗಳಿಗೆ ಚಿಕಿತ್ಸೆಯಿತ್ತು. ಬೆಳಿಗ್ಗೆ ವಾದಶಾಲೆಯಲ್ಲಿ ನಿನ್ನ ಸಿದ್ಧಾಂತ ತಪ್ಪು ಎಂದು ಸಾಧಿಸಿದವರ ಮಠದಲ್ಲೇ ಮಧ್ಯಾಹ್ನದ ಎಲೆ. ಚರ್ಚೆಯ ಮೊನೆಯನ್ನು ಅವರು ಮೊಂಡು ಮಾಡಿಕೊಳ್ಳಲಿಲ್ಲ. ಊಟವನ್ನು ಚರ್ಚೆಯ ಫಲಿತಾಂಶಕ್ಕೆ ಕಟ್ಟಿಹಾಕಲೂ ಇಲ್ಲ. ಮಠಕ್ಕೆ ಬಿಟ್ಟ ಭೂಮಿಯ ಹುಟ್ಟುವಳಿಯಿಂದ ನಡೆಯುತ್ತಿದ್ದ ಅನ್ನವಾದ್ದರಿಂದ ಗುರುವಿನ ಮನಸ್ಸು ಕೆಟ್ಟ ದಿನವೂ ಅದು ನಿಲ್ಲುವಂತಿರಲಿಲ್ಲ.

ಇವೆಲ್ಲ ಇದೇ ನೆಲದಲ್ಲಿ ಹುಟ್ಟಿದ ಮತಗಳ ನಡುವಿನ ಮಾತು, ಹೊರಗಿನಿಂದ ಬಂದ ಇಸ್ಲಾಮಿಗೆ, ಕ್ರೈಸ್ತಧರ್ಮಕ್ಕೆ ಇದು ಹೊಂದುವುದಿಲ್ಲ ಎಂಬ ಆಕ್ಷೇಪ ಇವತ್ತು ಬಲವಾಗಿ ಕೇಳಿಬರುತ್ತದೆ. ಒಂದೇ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಜಗಳ ಮೃದುವಾಗುವುದಿಲ್ಲವೆಂದು ಅಬ್ಬಲೂರು ಹೇಳಿದೆ. ಇನ್ನು ಹೊರಗಿನದೆಂದು ಕರೆಸಿಕೊಳ್ಳುವ ಧರ್ಮದ ವಿಷಯಕ್ಕೆ ಹಳೇಬೀಡಿನ ಪಕ್ಕದ ಬೇಲೂರನ್ನೇ ನೋಡಬಹುದು. ಚನ್ನಕೇಶವನ ತೇರು ಹೊರಡುವ ಮುನ್ನ ಮೌಲ್ವಿಯೊಬ್ಬರು ಕುರಾನಿನ ಭಾಗ ಓದುವ ರೂಢಿ ಅಲ್ಲಿ ಹಿಂದಿನಿಂದ ಬಂದದ್ದು. 2022ರಲ್ಲಿ ಅದನ್ನು ನಿಲ್ಲಿಸಬೇಕೆಂಬ ಒತ್ತಾಯ ಎದ್ದಿತು. ದೇವಸ್ಥಾನದ ಹಳೆಯ ಕೈಪಿಡಿಯಲ್ಲಿ ಆ ರೂಢಿ ದಾಖಲಾಗಿದ್ದುದರಿಂದ ಅಧಿಕಾರಿಗಳಿಗೆ ಹಿಡಿಯಲು ಒಂದು ಆಧಾರ ಸಿಕ್ಕಿತು, ಆ ವರ್ಷ ಓದು ನಡೆಯಿತು. ಅದೇ ವರ್ಷ ಕರಾವಳಿಯ ಮೂಲ್ಕಿಯಲ್ಲಿ ಆದದ್ದು ಬೇರೆ. ಶಾಂಭವಿ ಹೊಳೆಯ ದಡದ ಬಪ್ಪನಾಡು ದುರ್ಗಾಪರಮೇಶ್ವರಿಯ ಹೆಸರಿನಲ್ಲೇ ಬಪ್ಪ ಬ್ಯಾರಿ ಇದ್ದಾನೆ. ಹೊಳೆಯಲ್ಲಿ ದೋಣಿ ನಿಂತು, ದೇವಿ ಕನಸಿನಲ್ಲಿ ಕಾಣಿಸಿಕೊಂಡು, ಆ ಮುಸಲ್ಮಾನ ವ್ಯಾಪಾರಿಯೇ ಗುಡಿ ಕಟ್ಟಿಸಿದನೆಂದು ಐತಿಹ್ಯ. ಅವನ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದ ಸಲ್ಲುವ ಕ್ರಮವೂ ಇದೆ. ಅಂಥ ಊರಿನ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶವಿಲ್ಲವೆಂಬ ಬ್ಯಾನರ್ ಎದ್ದಿತು. ಹಾಕಿದವರಿಗೂ ಕಾರಣಗಳಿದ್ದವು. ಹಿಜಾಬ್ ತೀರ್ಪಿನ ನಂತರ ಮುಸ್ಲಿಂ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದ್ದರು, ಅದು ನ್ಯಾಯಾಲಯಕ್ಕೆ ತೋರಿದ ಅಗೌರವವೆಂದು ಅವರ ವಾದ. ದೇವಸ್ಥಾನದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ 2002ರ ಧಾರ್ಮಿಕ ದತ್ತಿ ನಿಯಮವನ್ನೂ ಮುಂದಿಟ್ಟರು. ಮುನಿಸಿಗೆ ಕಾರಣವಿರಬಹುದು. ಆದರೆ ಒಂದು ಪ್ರತಿಭಟನೆಯ ಸಿಟ್ಟಿಗೆ, ಬಳೆ, ಆಟಿಕೆ ಮಾರಿ ವರ್ಷದ ಸಂಪಾದನೆ ಮಾಡಿಕೊಳ್ಳುವ ಒಬ್ಬ ಬಡ ವ್ಯಾಪಾರಿ ದಂಡ ತೆತ್ತದ್ದು ಅನ್ಯಾಯವೆಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಬಪ್ಪ ಬ್ಯಾರಿಯ ಕಥೆ ಅವನ ನೆರವಿಗೆ ಬರಲಿಲ್ಲ. ಬೇಲೂರಿನಲ್ಲಿ ಒಂದು ಬರಹ ಇತ್ತು, ಅದು ಆಡಳಿತದ ಮುಂದೆ ನಿಂತಿತು. ಮೂಲ್ಕಿಯಲ್ಲಿ ಇದ್ದದ್ದು ಎಲ್ಲರೂ ಮೆಚ್ಚಿ ಹೇಳುವ ಐತಿಹ್ಯ. ಸಿಟ್ಟಿನ ಹೊತ್ತಿನಲ್ಲಿ ಅದಕ್ಕೆ ಯಾರೂ ಜಾಮೀನು ಇರಲಿಲ್ಲ.

ಸಂವಿಧಾನ ಇದೆಯಲ್ಲ, 25ನೆಯ ವಿಧಿ ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಕೊಟ್ಟಿದೆಯಲ್ಲ, ಇನ್ನೂ ಈ ಹಳೆಯ ಕರಾರುಗಳೇಕೆ ಎಂದು ಕೇಳಬಹುದು. ಸಂವಿಧಾನ ಬೇಕೇ ಬೇಕು. ವಿಭೂತಿ ಮೊದಲು ಎಂಬಂಥ ಷರತ್ತುಗಳನ್ನು ಕಿತ್ತುಹಾಕಿ ಎಲ್ಲರನ್ನೂ ಸಮನಾಗಿ ನಿಲ್ಲಿಸಿದ್ದು ಅದೇ; ಬುಕ್ಕನೂ ಮಹಾಮಹತ್ತೂ ಕೊಡಲಾಗದ್ದನ್ನು ಅದು ಕೊಟ್ಟಿದೆ. ಆದರೆ ಬುಕ್ಕರಾಯ ತನ್ನ ಕಾಲದ ಕಾನೂನೂ ಹೌದು, ಪೊಲೀಸೂ ಹೌದು. ಬೆಳಗೊಳಕ್ಕೆ ಒಂದು ತುಕಡಿ ಕಳಿಸಿ ವಾದ್ಯ ಬಾರಿಸಿರಿ ಎಂದು ಜೈನರಿಗೆ ಹೇಳಿದ್ದರೆ ಆ ದಿನದ ಮಟ್ಟಿಗೆ ಕೆಲಸ ಆಗುತ್ತಿತ್ತು. ಅಷ್ಟು ಬಲವಿದ್ದ ದೊರೆ ಆಚಾರ್ಯರನ್ನು ದೂರದೂರದಿಂದ ಕರೆಸಿ ಕೈಯಲ್ಲಿ ಕೈ ಇಡಿಸುವ ತೊಂದರೆ ತೆಗೆದುಕೊಂಡದ್ದು, ತುಕಡಿ ಹಿಂದಿರುಗಿದ ಮೇಲೂ ಅದೇ ಬೀದಿಯಲ್ಲಿ ಉಳಿಯುವವರು ನೆರೆಯವರು ಎಂಬುದು ತಿಳಿದಿದ್ದರಿಂದಲೇ ಇರಬೇಕು. ಇವತ್ತು ಗಣೇಶ ಚೌತಿಗೆ, ಬಕ್ರೀದಿಗೆ ಮುನ್ನ ಊರೂರಿನ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಮಿತಿಯ ಸಭೆ ನಡೆಯುತ್ತದೆ. ಮೆರವಣಿಗೆಯ ದಾರಿ, ಮೈಕಿನ ಹೊತ್ತು, ಮಸೀದಿಯ ಮುಂದೆ ಡೋಲು ಬಾರಿಸಬೇಕೆ ಬೇಡವೆ ಎಂಬುದೆಲ್ಲ ಅಲ್ಲಿ ಮಾತಾಗುತ್ತದೆ. ಚಹಾ ಕುಡಿದು ಎಲ್ಲರೂ ಏಳುತ್ತಾರೆ. ಹಬ್ಬ ಮುಗಿಯುವ ತನಕ ಜಾಮೀನು ಇರುವುದು ಇನ್‌ಸ್ಪೆಕ್ಟರ್ ಒಬ್ಬರದೇ. ಅದೇ ಮಾತುಗಳನ್ನು ಗುಡಿಯ ಸಮಿತಿಯ ಅಧ್ಯಕ್ಷರು, ಮಸೀದಿಯ ಮುತವಲ್ಲಿ ತಮ್ಮ ತಮ್ಮ ಹೆಸರಿನಲ್ಲಿ ಬರೆದು, ಗುಡಿಯ ಬಾಗಿಲಲ್ಲೂ ಮಸೀದಿಯ ಬಾ​ಗಿಲಲ್ಲೂ ಹಾಕಿಸಿದರೆ ಪರಿಸ್ಥಿತಿ ಬೇರೆಯಾದೀತು. ಹಿಂದೂಗಳು ಹೆಚ್ಚಿರುವ ಬೀದಿಯಲ್ಲಿ ಮಸೀದಿಗೆ ಕಲ್ಲು ಬಿದ್ದರೆ ಗುಡಿಯ ಸಮಿತಿ, ಮುಸಲ್ಮಾನರು ಹೆಚ್ಚಿರುವ ಬೀದಿಯಲ್ಲಿ ಗಣಪತಿಗೆ ಅಡ್ಡಿಯಾದರೆ ಮಸೀದಿಯ ಸಮಿತಿ ಉತ್ತರ ಹೇಳುತ್ತದೆ ಎಂದು ಬರೆಯಬೇಕು. ಬಲ ಯಾರ ಕಡೆ ಇದೆ ಎಂಬುದು ಬೀದಿ ಬೀದಿಗೂ ಬದಲಾಗುತ್ತದೆ, ಹೊಣೆಯೂ ಅದರ ಜೊತೆಗೆ ಬದಲಾಗಬೇಕು.

ಇಂಥದಕ್ಕೆ ಮೊದಲು ಯಾರು ಹೊರಡುತ್ತಾರೆ ಎಂಬ ಅನುಮಾನ ಸಹಜ. ಅದಕ್ಕಾಗಿ ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಹೋಗಬೇಕು, 1368ರಲ್ಲಿ ಬಿನ್ನಹ ಮಾಡಿಕೊಂಡ ಊರುಗಳಲ್ಲಿ ಒಂದಾದ ಕಲ್ಲೆಹ ಅದೇ. ಬೆಟ್ಟಗುಡ್ಡಗಳ ನಡುವಿನ ಈ ಊರಿನಲ್ಲೂ ಅದೇ ತೀರ್ಮಾನದ ಶಾಸನ ಸಿಕ್ಕಿದೆ. ರಾಜ್ಯದಲ್ಲೆಲ್ಲ ಹಾಕಿಸಬೇಕೆಂಬ ಮಾತು ಬರೀ ಮಾತಾಗಿರಲಿಲ್ಲ. ಬೆಳಗೊಳದ ಕಲ್ಲಿನ ಕೊನೆಗೆ ಸೇರಿಸಿದ ಸಾಲುಗಳಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರು ಬರುತ್ತದೆ. ಅವನು ದೊರೆಯೂ ಅಲ್ಲ, ಗುರುವೂ ಅಲ್ಲ, ಒಬ್ಬ ಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದವನು ಅವನು. ಜೈನ, ವೈಷ್ಣವ ಎರಡೂ ಸಮಯದವರು ಕೂಡಿ ಬುಸುವಿಸೆಟ್ಟಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು.